ಹನ್ನೊಂದು ಸೆಕೆಂಡಿನ ಕೆಲಸ

ಹೋದ ತಿಂಗಳು ಚಹಾ ಕುಡಿಯುತ್ತಾ ಒಬ್ಬ ಮನುಷ್ಯನನ್ನು ಅಳಿಸಿಬಿಟ್ಟೆ. ಗೊತ್ತೇ ಆಗಲಿಲ್ಲ.

ಬೆಟಗೇರಿಯ ಒಂದು ಟ್ರಸ್ಟ್‌ನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಕಿವಿ ಮಂದವಾದ ಹಿರಿಯರಿಗೆ ನಾವು ಶ್ರವಣಯಂತ್ರ ಕೊಡುತ್ತೇವೆ. ಶಿರಹಟ್ಟಿ, ಮುಂಡರಗಿ ಕಡೆಯ ಶಿಬಿರಗಳಲ್ಲಿ ನಮ್ಮ ಶಾಂತಕ್ಕ ಹೆಸರು ಬರೆದುಕೊಂಡು ಬರುತ್ತಾರೆ. ಕೆಲವರು ಎರಡೆರಡು ಸಲ ಬರೆಸಿರುತ್ತಾರೆ. (ಎಲ್ಲಿ ಬಿಟ್ಟುಹೋಗುತ್ತದೋ ಎಂಬ ಭಯ. ನಮಗಿಲ್ಲವೇ?)

ಮೊದಲು ಆ ಪಟ್ಟಿಯನ್ನು ಡೇಟಾಬೇಸ್‌ನಿಂದ ಹೊರಗೆ ತೆಗೆದು, ಪ್ರಿಂಟ್ ಹಾಕಿ ಶಾಂತಕ್ಕನಿಗೆ ಕೊಡುತ್ತಿದ್ದೆ. ಅವರು ಪೆನ್ನು ಹಿಡಿದು ಕೂತು, ಎರಡು ಸಲ ಬಂದ ಹೆಸರನ್ನು ಹೊಡೆದುಹಾಕಿ ಕೊಡಲು ಎರಡು ದಿನ. ನನಗೆ ತಾಳ್ಮೆ ಎಲ್ಲಿಂದ ಬರಬೇಕು? ಸರ್ವರ್ ಒಳಗೇ ಒಂದು ಜಾಬ್, ಅಂದರೆ ತಾನಾಗಿಯೇ ಓಡುವ ಪುಟ್ಟ ಪ್ರೋಗ್ರಾಮ್, ಬರೆದಿಟ್ಟೆ. ಹೆಸರು, ಊರು, ಫೋನ್ ನಂಬರ್ ಮೂರೂ ಒಂದೇ ಇದ್ದರೆ ಒಂದನ್ನು ಉಳಿಸು, ಇನ್ನೊಂದನ್ನು ಅಳಿಸು. ಡೇಟಾ ಹೊರಗೆ ಬರುವ ಮಾತೇ ಇಲ್ಲ. ಹನ್ನೊಂದು ಸೆಕೆಂಡಿನಲ್ಲಿ ಖಲಾಸ್. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ?

ಮೊನ್ನೆ ಸಿಂಗಟಾಲೂರಿನಿಂದ ಇಬ್ಬರು ಹಿರಿಯರು ಬಂದರು. ಒಬ್ಬರ ಕಿವಿಯಲ್ಲಿ ನಾವು ಕೊಟ್ಟ ಯಂತ್ರವಿತ್ತು. ಇನ್ನೊಬ್ಬರ ಕಿವಿ ಖಾಲಿ.

"ನಾನೂ ಮೌಲಾಸಾಬ್ ನದಾಫ್, ಇಂವಾನೂ ಮೌಲಾಸಾಬ್ ನದಾಫ್ ರೀ," ಎಂದರು ಯಂತ್ರದವರು. "ನಮ್ಮ ಕಾಕಾನ ಮಗ. ಇಬ್ರಿಗೂ ಅಜ್ಜನ ಹೆಸರು ಇಟ್ಟಾರ. ಮನ್ಯಾಗ ಫೋನ್ ಒಂದ ಐತಿ."

ಅಜ್ಜನ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದು ನಮ್ಮ ಕಡೆ ಮನೆಮನೆಯ ಪದ್ಧತಿ. ನನ್ನದೇ ಹೆಸರಿನ ದೊಡ್ಡಪ್ಪನ ಮಗ ಲಕ್ಷ್ಮೇಶ್ವರದಲ್ಲಿದ್ದಾನೆ. ಜಾಬ್ ಬರೆಯುವಾಗ ಅವನಾದರೂ ನೆನಪಾಗಬೇಕಿತ್ತಲ್ಲ?

"ದೊಡ್ಡ ಮೌಲಾ, ಸಣ್ಣ ಮೌಲಾ ಅಲ್ಲೇನ್ರಿ?" ಶಾಂತಕ್ಕ ಕೌಂಟರಿನಿಂದಲೇ ಗುರುತು ಹಿಡಿದರು. ನನ್ನ ಕಡೆ ತಿರುಗಿ, "ಒಂದು ಮಾತು ಕೇಳಿದ್ರ ನಾನ ಹೇಳ್ತಿದ್ನೆಲ್ರಿ ಸರ," ಎಂದರು.

ಪಟ್ಟಿ ಹಿಡಿದು ಕೂತ ಆ ಎರಡು ದಿನ ಅವರು ಏನು ಮಾಡುತ್ತಿದ್ದರು ಎಂದು ನನಗೆ ಆಗ ತಿಳಿಯಿತು.

ಅಳಿಸಿದ ಹೆಸರನ್ನು ಬ್ಯಾಕಪ್‌ನಿಂದ ತರಲು ಎರಡು ನಿಮಿಷ ಸಾಕಾಯಿತು. ಆದರೆ ಯಂತ್ರಗಳು ಹಂಚಿ ಮುಗಿದಿದ್ದವು. ಇನ್ನು ಬರುವುದು ಆರು ತಿಂಗಳಿಗೆ. ನಾಚಿಕೆಯಿಂದಲೇ ಹೇಳಿದೆ. ಯಂತ್ರವಿದ್ದ ದೊಡ್ಡ ಮೌಲಾಸಾಬರು ಅದನ್ನು ತಮ್ಮನ ಕಿವಿಗೆ ಬಾಯಿಟ್ಟು ಕೂಗಿದರು.

ಸಣ್ಣ ಮೌಲಾಸಾಬರು ಸಿಟ್ಟಾಗಲಿಲ್ಲ.

"ಮೊಮ್ಮಗಳು ಈಗ ಮಾತು ಕಲಿಯಾಕತ್ತಾಳ್ರಿ," ಎಂದರು. "ಆರು ತಿಂಗಳಿಗೆ ಆಕಿ ತೊದಲೋದು ಬಿಟ್ಟಿರ್ತಾಳಲ್ರಿ?"