ಸಿಪ್ಪೆಯಕ್ಕನ ನೆಲದ ನೀರು

ನಮ್ಮಕ್ಕ ಒರೆಸಿದ ನೆಲಕ್ಕೆ ಇರುವೆ ಬಂದರೆ ಉಪವಾಸ ವಾಪಸು ಹೋಗುತ್ತದೆ. ಈ ಮಾತನ್ನು ನಾನು ಯಾವ ಸಭೆಯಲ್ಲಿ ಬೇಕಾದರೂ ಎದ್ದು ನಿಂತು ಹೇಳಿದ್ದೇನೆ. ಒಮ್ಮೆ ಒಂದು ನೊಣ ಆ ನೆಲದ ಮೇಲೆ ಇಳಿದು, ಕೆಳಗೆ ತನ್ನ ಮುಖವನ್ನೇ ಕಂಡು, ಮೀಸೆ ತಿದ್ದಿಕೊಂಡು, ನಾಲ್ಕು ಜನರಿಗೆ ತೋರಿಸೋಣವೆಂದು ಹಾರಿಹೋದದ್ದನ್ನು ಈ ಕಣ್ಣಲ್ಲೇ ನೋಡಿದ್ದೇನೆ. ಇಷ್ಟಕ್ಕೂ ಆ ನೆಲಕ್ಕೆ ಅಂಗಡಿಯ ಲೋಷನ್ನಿನ ಒಂದು ತೊಟ್ಟೂ ಸೋಕಿಲ್ಲ. ಎಲ್ಲ ಅಕ್ಕನ ಕೈಯಡುಗೆ.

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಆ ಕಾಲದಲ್ಲಿ ಊರಿನ ಜಗಳ, ರಾಜಿ, ಮದುವೆ ಮಾತು, ಮದುವೆ ಮುರಿದ ಮಾತು ಎಲ್ಲವೂ ಅವಳ ಎಡಗಿವಿಯ ಮೂಲಕವೇ ಹಾದುಹೋಗಬೇಕಿತ್ತು. ಹೆಡ್‌ಫೋನು ಸದಾ ಕೂತಿರುತ್ತಿದ್ದುದು ಆ ಕಿವಿಯ ಮೇಲೆ. ಅಷ್ಟೊಂದು ಕೇಳಿ ಕೇಳಿ ಆ ಕಿವಿಗೆ ಜನ್ಮಕ್ಕೆ ಸಾಕಾಯಿತೋ ಏನೋ, ಅಕ್ಕನಿಗಿಂತ ಮೊದಲೇ ಅದು ನಿವೃತ್ತಿ ತೆಗೆದುಕೊಂಡಿತು. ಈ ವಿಷಯ ಮನೆಮಂದಿಗೆಲ್ಲ ಗೊತ್ತು, ಅಕ್ಕನೊಬ್ಬಳಿಗೆ ಬಿಟ್ಟು. ಅವಳ ಎಡಕ್ಕೆ ಕೂತು ಮಾತಾಡಿದರೆ, "ಬಾಯಿಬಿಟ್ಟು ಮಾತಾಡೋ, ಗೊಣಗಬೇಡ" ಎಂದು ನಮಗೇ ಬೈಗುಳ.

ನಿವೃತ್ತಿಯಾದ ಮೇಲೆ ಮನೆಯ ಫೋನು ಮೌನವ್ರತ ಹಿಡಿಯಿತು. ದಿನವಿಡೀ ಊರಿಗೆಲ್ಲ "ಹಲೋ" ಎನ್ನುತ್ತಿದ್ದವಳಿಗೆ ಈಗ ಹಲೋ ಎನ್ನಲು ಭಾವನೊಬ್ಬ. ಭಾವ ಗಡಿಯಾರ ರಿಪೇರಿ ಮಾಡುತ್ತಿದ್ದವನು, ಮಾತಿನಲ್ಲಿ ಬಹಳ ಜುಗ್ಗ. ಹೀಗಿರುವಾಗ ಅವನು ಅಂಗಡಿಯಿಂದ ನೆಲ ಒರೆಸುವ ಲೋಷನ್ನಿನ ಬಾಟಲಿ ತಂದ. ಅಕ್ಕ ಮುಚ್ಚಳ ತೆಗೆದು ಮೂಸಿ, ಕಟ್ಟಡದ ಕಿಟಕಿಗಳೆಲ್ಲ ಅದುರುವಂತೆ ಸೀನಿದಳು.

"ರೀ, ಇದು ಮನೆ ಒರೆಸೋಕಾ, ಆಸ್ಪತ್ರೆ ತೆರೆಯೋಕಾ?"

"ಎಲ್ಲರೂ ಅದನ್ನೇ ಹಾಕ್ತಾರೆ" ಎಂದ ಭಾವ.

"ಎಲ್ಲರೂ ಹಾಕ್ಲಿ. ನನ್ನ ನೆಲದ ನೀರು ನಾನೇ ಮಾಡ್ಕೋತೀನಿ."

ಮೊದಲ ಪ್ರಯೋಗ, ವಿನೆಗರ್ ಮತ್ತು ಅಡುಗೆ ಸೋಡಾ. ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದದ್ದೇ ತಡ, ನೊರೆ ಉಕ್ಕಿ ಬಚ್ಚಲು ದಾಟಿ, ಹಾಲಿಗೆ ಬಂದು, ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದ ಭಾವನನ್ನು ಕನ್ನಡಕದವರೆಗೆ ಮುಳುಗಿಸಿತು. ನೊರೆ ಇಳಿದ ಮೇಲೆ ನೋಡಿದರೆ ಬಕೆಟ್ಟಿನಲ್ಲಿ ಉಳಿದದ್ದು ಉಪ್ಪುಪ್ಪಾದ ನೀರು. ಹುಳಿಯೂ ಸೋಡಾವೂ ಒಂದನ್ನೊಂದು ಹೊಡೆದುಕೊಂಡು ಎರಡೂ ಸತ್ತಿದ್ದವು, ಕೊಳೆ ಮಾತ್ರ ಗಟ್ಟಿಮುಟ್ಟಾಗಿತ್ತು. ಎರಡನೆಯ ಸಲ ಸವೆದ ಸೋಪಿನ ತುಂಡುಗಳನ್ನು ಬಿಸಿನೀರಿನಲ್ಲಿ ಕರಗಿಸಿ, ಹೊಳಪು ಬರಲೆಂದು ಅದಕ್ಕೂ ವಿನೆಗರ್ ಸುರಿದಳು. ಅದು ಒಡೆದ ಹಾಲಿನಂತೆ ಗಂಟುಗಂಟಾಯಿತು. ಎಲ್ಲಿಂದಲೋ ಬಂದ ಬೆಕ್ಕೊಂದು ಆಸೆಯಿಂದ ನೆಕ್ಕಿ, ಬಾಯಿಯಿಂದ ಗುಳ್ಳೆ ಬಿಡುತ್ತ ಹೋದದ್ದು ಮತ್ತೆ ಈ ಬೀದಿಯಲ್ಲಿ ಕಾಣಿಸಿಕೊಂಡಿಲ್ಲ.

ಮೂರನೆಯದು ಕೈಹಿಡಿಯಿತು. ಕಿತ್ತಳೆ, ನಿಂಬೆ ಸಿಪ್ಪೆಗಳನ್ನು ಸಕ್ಕರೆ ನೀರಿನ ಜೊತೆ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ ಕೊಳೆಸುವುದು. ಒಳಗೆ ಗಾಳಿ ಕಟ್ಟುವುದರಿಂದ ದಿನಾ ಬೆಳಿಗ್ಗೆ ಮುಚ್ಚಳ ಸ್ವಲ್ಪ ಸಡಿಲಿಸಿ ಉಸಿರಾಡಿಸಬೇಕು. ಮೂರು ತಿಂಗಳಲ್ಲಿ ಸಕ್ಕರೆಯೆಲ್ಲ ಹುಳಿಯಾಗುತ್ತದೆ. ಆಮೇಲೆ ಸೋಸಿ, ಬಕೆಟ್ ನೀರಿಗೆ ಒಂದು ಸೌಟು ಹಾಕಿ ಒರೆಸಿದರೆ ಜಿಡ್ಡು ಹೇಳಹೆಸರಿಲ್ಲದೆ ಓಡುತ್ತದೆ.

ಸಿಪ್ಪೆಗಾಗಿ ಅಕ್ಕ ಜ್ಯೂಸ್ ಅಂಗಡಿಯವನ ಮುಂದೆ ಬೇಸಿನ್ ಹಿಡಿದು ನಿಲ್ಲುತ್ತಿದ್ದಳು. ಕಿತ್ತಳೆ ಸಿಪ್ಪೆ ಕಡಿಮೆಯಾದೀತೆಂದು ಅವನು ಇವಳಿಗೆ ಹೆದರಿ ಕಲ್ಲಂಗಡಿ ಜ್ಯೂಸ್ ಮಾಡುವುದನ್ನೇ ಬಿಟ್ಟ. ಸಾಲದ್ದಕ್ಕೆ ಮನೆಯಲ್ಲೂ ಉತ್ಪಾದನೆ ನಡೆಯಿತು. ಹಣ್ಣು ತಿನ್ನುವುದು ಭಾವನ ಡ್ಯೂಟಿ, ಸಿಪ್ಪೆ ಅಕ್ಕನದು. ಭಾವ ತಿಂದ, ತಿಂದ, ಕೊನೆಗೆ ಅವನ ಬಣ್ಣವೇ ತಿರುಗಿ, ಸಂಜೆ ಬಾಲ್ಕನಿಯಲ್ಲಿ ನಿಂತರೆ ಸೂರ್ಯ ಇನ್ನೂ ಮುಳುಗಿಲ್ಲವೆಂದು ಎದುರು ಮನೆಯವರು ದೀಪ ಹಾಕುತ್ತಿರಲಿಲ್ಲ. ಅಕ್ಕನಿಗೆ ಸಿಪ್ಪೆಯಕ್ಕ ಎಂಬ ಹೆಸರು ಬಿದ್ದದ್ದು ಆಗಲೇ.

ಕ್ಯಾನುಗಳಿಗೆ ಅವಳ ಎರಡು ಕೋಣೆಯ ಮನೆಯಲ್ಲಿ ಜಾಗವಿಲ್ಲ. ಹಾಗಾಗಿ ಕಟ್ಟಡದ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಸಾಲಾಗಿ ಇಟ್ಟಳು. ಬೆಳಿಗ್ಗೆ ಎದ್ದು ಒಂದೊಂದು ಕ್ಯಾನಿಗೂ ಹಳೆ ಅಭ್ಯಾಸದಂತೆ ಎಡಗಿವಿ ಹಚ್ಚುವಳು. "ಲೈನಿನಲ್ಲಿ ಇನ್ನೂ ಮಾತಾಡ್ತಿದಾರೆ" ಎಂದರೆ ಇನ್ನೂ ಕುದಿಯುತ್ತಿದೆ ಎಂದರ್ಥ. "ಮಾತು ಮುಗೀತು" ಎಂದರೆ ಸಿದ್ಧ. ಆ ಕಿವಿಗೆ ಏನೂ ಕೇಳುತ್ತಿರಲಿಲ್ಲ ನಿಜ. ಆದರೆ ತಿಂಗಳ ಲೆಕ್ಕ ಅವಳ ತಲೆಯಲ್ಲಿ ಇರುತ್ತಿದ್ದುದರಿಂದ ಕಿವಿಯ ತಪ್ಪು ಯಾರಿಗೂ ತಟ್ಟಲಿಲ್ಲ.

ಮೆಲ್ಲಮೆಲ್ಲಗೆ ಕಟ್ಟಡದವರೆಲ್ಲ ಖಾಲಿ ಬಾಟಲಿ ಹಿಡಿದು ಬಾಗಿಲು ತಟ್ಟತೊಡಗಿದರು. ಬಾಟಲಿ ತುಂಬುವಷ್ಟು ಹೊತ್ತಿನಲ್ಲಿ ಅವರ ಮನೆಯ ಕಥೆಯೆಲ್ಲ ಇವಳ ಮಡಿಲಿಗೆ. ಎಕ್ಸ್‌ಚೇಂಜ್ ಮತ್ತೆ ಶುರುವಾಗಿತ್ತು. ಅಕ್ಕನ ಮುಖದಲ್ಲಿ ನೆಲಕ್ಕಿಂತ ಹೆಚ್ಚು ಹೊಳಪು.

ಆಗ ಕಾರ್ಯದರ್ಶಿಗಳು ಅಡ್ಡ ಬಂದರು. ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ ಹಿಂದೆ ಯಾವುದೋ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದವರು, ಆಕಳಿಸಬೇಕಾದರೂ ನಿಯಮ ನೋಡಿ ಬಾಯಿ ತೆರೆಯುವ ಪೈಕಿ. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲಿಳಿಯುವ ಹೊತ್ತಿಗೆ ಸರಿಯಾಗಿ ಒಂದು ಕ್ಯಾನಿನ ಮುಚ್ಚಳ ಫಟ್ ಎಂದು ಹಾರಿತು. ಮುಚ್ಚಳ ಎರಡನೆಯ ಮಹಡಿಯನ್ನು ವಿಚಾರಿಸಿಕೊಂಡು ಕೆಳಗೆ ಬರುವಷ್ಟರಲ್ಲಿ ಕಾರ್ಯದರ್ಶಿಗಳ ಅಂಗಿಯ ತುಂಬ ಸಿಪ್ಪೆ.

"ನೋಡೀಮ್ಮಾ, ಇದು ಮೆಟ್ಟಿಲು, ಕಾರ್ಖಾನೆ ಅಲ್ಲ. ಜಾಗ ಖಾಲಿ ಮಾಡಿ. ಇನ್ಮೇಲೆ ಕಟ್ಟಡಕ್ಕೆಲ್ಲ ಅಂಗಡಿ ಲೋಷನ್ನೇ."

"ಅಂಗಡಿದು ನನ್ನದಕ್ಕಿಂತ ಚೆನ್ನಾಗಿ ಒರೆಸುತ್ತಾ ಸಾರ್?"

"ಒರೆಸದೆ ಏನು?"

"ಹಾಗಾದ್ರೆ ಪಂದ್ಯ ಆಗೇಹೋಗ್ಲಿ."

ಪಂದ್ಯ ನಿಶ್ಚಯವಾಯಿತು. ಭಾನುವಾರ ಬೆಳಿಗ್ಗೆ ಎರಡನೆಯ ಮಹಡಿಯ ಉದ್ದನೆಯ ವರಾಂಡದ ಆಚೆ ಅರ್ಧವನ್ನು ಕಾರ್ಯದರ್ಶಿಗಳು ಲೋಷನ್ನಿನಲ್ಲಿ ಒರೆಸುವುದು, ಮೆಟ್ಟಿಲ ಕಡೆಯ ಈಚೆ ಅರ್ಧವನ್ನು ಅಕ್ಕ ತನ್ನ ನೀರಿನಲ್ಲಿ. ಒಣಗಿದ ಮೇಲೆ ಕಾರ್ಯದರ್ಶಿಗಳು ಹೊಸ ಬಿಳಿ ಕಾಲುಚೀಲ ತೊಟ್ಟು ಎಲ್ಲರೆದುರು ಆ ತುದಿಯಿಂದ ಈ ತುದಿಗೆ ನಡೆಯುವುದು, ಯಾರ ನೆಲದಲ್ಲಿ ಕಾಲುಚೀಲ ಕೊಳೆಯಾಗುತ್ತದೋ ಅವರು ಸೋತಂತೆ. ಅಕ್ಕ ಸೋತರೆ ಮೆಟ್ಟಿಲ ಕೆಳಗಿನ ಜಾಗ ಹೋಯಿತು. ಜಾಗ ಹೋದರೆ ನೆಲದ ನೀರಿಲ್ಲ, ನೀರಿಲ್ಲದಿದ್ದರೆ ಬಾಗಿಲು ತಟ್ಟುವವರಿಲ್ಲ. ಇಷ್ಟನ್ನು ಅಕ್ಕ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ವಾರವಿಡೀ ಅವಳು ಯಾರನ್ನೂ ಬೈಯಲಿಲ್ಲ. ನಮಗೆ ಗಾಬರಿಯಾದದ್ದು ಅದಕ್ಕೇ.

ಗೆಲ್ಲುವ ಆತುರದಲ್ಲಿ ಅವಳು ಪ್ರಚಾರಕ್ಕಿಳಿದಳು. ಮನೆಮನೆಗೆ ಹೋಗಿ, "ನೀವೇ ಒರೆಸಿ ನೋಡಿ, ಆಮೇಲೆ ಹೇಳಿ" ಎಂದು ಹಣ್ಣಾದ ನೀರಿನ ಬಾಟಲಿ ಹಂಚಿದಳು. ಹಂಚುವ ಭರದಲ್ಲಿ ತನಗೆಂದು ಒಂದು ಲೋಟವನ್ನೂ ಇಟ್ಟುಕೊಳ್ಳಲಿಲ್ಲ. ಶನಿವಾರ ನೋಡಿದರೆ ಉಳಿದದ್ದು ಮೊನ್ನೆ ಮೊನ್ನೆ ತುಂಬಿದ್ದ ಎಳೆಯ ಕ್ಯಾನು ಮಾತ್ರ.

"ಕೊಟ್ಟಿದ್ರಲ್ಲಿ ಒಂದು ಬಾಟ್ಲಿ ವಾಪಸ್ ಕೇಳು" ಎಂದ ಭಾವ.

"ಕೊಟ್ಟಿದ್ದನ್ನ ವಾಪಸ್ ಕೇಳೋ ಹೆಂಗಸಾ ನಾನು?" ಎಂದು ಅಕ್ಕ ಕ್ಯಾನಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಎಡಗಿವಿ ಹಚ್ಚಿದಳು. ಕಣ್ಣು ಮುಚ್ಚಿ ಬಹಳ ಹೊತ್ತು ಆಲಿಸಿ ಹೇಳಿದಳು: "ಮಾತು ಮುಗೀತು. ಈ ಸಲ ಬೇಗ ಆಗಿದೆ."

ನಾನು ಬಗ್ಗಿ ಕಿವಿಯಿಟ್ಟೆ. ಒಳಗೆ ಸಂತೆಯೇ ನೆರೆದಿತ್ತು. ಬುಸುಬುಸು, ಗುಳುಗುಳು, ಯಾರೋ ಚೌಕಾಸಿ ಮಾಡುತ್ತಿದ್ದರೆಂದರೂ ನಂಬಬಹುದು.

"ಅಕ್ಕಾ, ಇದು ಇನ್ನೂ ಬುಸುಗುಡ್ತಾ ಇದೆ."

"ನಿನ್ನ ಕಿವಿಗೆ ವಯಸ್ಸಾಯ್ತು ಕಣೋ. ಡಾಕ್ಟರಿಗೆ ತೋರಿಸು."

ಭಾವ ಬೆರಳದ್ದಿ ನಾಲಿಗೆಗೆ ತಾಗಿಸಿ, "ಸಿಹಿ ಇದೆ" ಎಂದ.

"ಹಗಲೂ ರಾತ್ರಿ ಬಾಯಲ್ಲಿ ಕಿತ್ತಳೆ ಇಟ್ಕೊಂಡಿರೋರಿಗೆ ಗೋಡೆ ನೆಕ್ಕಿದ್ರೂ ಸಿಹಿನೇ!"

ಬೈಗುಳ ವಾಪಸು ಬಂದದ್ದು ಕೇಳಿ ನಮಗೆ ಜೀವ ಬಂದಂತಾಯಿತು. ಆ ಸಮಾಧಾನದಲ್ಲಿ ಮುಂದೆ ಯಾರೂ ವಾದ ಮಾಡಲಿಲ್ಲ.

ಭಾನುವಾರ ಬಂತು. ಕಾರ್ಯದರ್ಶಿಗಳು ಲೋಷನ್ನಿನ ಬಾಟಲಿಯ ಮೇಲೆ ಬರೆದದ್ದನ್ನು ಜನರಿಗೆಲ್ಲ ಕೇಳುವಂತೆ ಓದಿದರು, ಒಂದು ಬಕೆಟ್ಟಿಗೆ ಒಂದು ಮುಚ್ಚಳ ಎಂದು. ಓದಿ ಮುಗಿಸಿ ಆಚೀಚೆ ನೋಡಿ ಇಡೀ ಬಾಟಲಿಯನ್ನೇ ಬೋರಲು ಹಾಕಿದರು. ಅಕ್ಕ ಅದನ್ನು ನೋಡಿದಳು. ಅವಳೇನು ಕಡಿಮೆಯೇ? ಸೌಟನ್ನು ಭಾವನ ಕೈಗೆ ಕೊಟ್ಟು, ಒಂದು ಹನಿ ನೀರೂ ಬೆರೆಸದೆ ಎಳೆಯ ಕ್ಯಾನನ್ನು ನೆಲಕ್ಕೆ ಸುರಿದಳು. ಇಬ್ಬರೂ ಸೊಂಟ ಕಟ್ಟಿ ಒರೆಸಿದರು. ಒಣಗುವವರೆಗೆ ನಾವೆಲ್ಲ ಮೆಟ್ಟಿಲ ಮೇಲೆ ಕೂತೆವು.

ಒಣಗಿದ ಮೇಲೆ ಕಾರ್ಯದರ್ಶಿಗಳ ಅರ್ಧ ಎಷ್ಟು ಹೊಳೆಯಿತೆಂದರೆ, ಆಕಾಶದಲ್ಲಿ ಹೋಗುತ್ತಿದ್ದ ಹಕ್ಕಿ ಕೆರೆಯೆಂದು ಬಗೆದು ಕಾಲು ಚಾಚಿತು. ಅಕ್ಕನ ಅರ್ಧವೂ ಹೊಳೆಯುತ್ತಿತ್ತು, ಆದರೆ ಅದು ಪಾಕ ಹೊಯ್ದ ಮಿಠಾಯಿಯ ಹೊಳಪು. ಪಕ್ಕದ ಮನೆಯ ಟೈಲರ್ ಅಲ್ಲಿ ಒಂದು ಹೆಜ್ಜೆಯಿಟ್ಟ, ಎರಡನೆಯ ಹೆಜ್ಜೆಗೆ ಅವನ ಕಾಲು ಮಾತ್ರ ಬಂತು, ಚಪ್ಪಲಿ ಬರಲಿಲ್ಲ.

"ಸಿಪ್ಪೆಯಕ್ಕಾ, ನನ್ನ ಚಪ್ಪಲಿ ನಿಮ್ಮ ನೆಲದ ಕೈ ಬಿಡ್ತಿಲ್ಲ!"

ಅಷ್ಟರಲ್ಲಿ ಗೋಡೆಯ ಬಿರುಕಿನಿಂದ ಒಂದು ಇರುವೆ ತಲೆ ಹೊರಗಿಟ್ಟಿತು. ಸುತ್ತ ನೋಡಿ ಒಳಗೆ ಹೋಯಿತು. ಬರುವಾಗ ಒಬ್ಬಂಟಿ ಬರಲಿಲ್ಲ. ಹೆಂಡತಿ ಮಕ್ಕಳು, ಬೀಗರು, ಬೀಗರ ಕಡೆಯವರು, ದೂರದ ಊರಿನ ನೆಂಟರು, ಎಲ್ಲರೂ ಸಾಲುಹಿಡಿದು ಬಂದು ಅಕ್ಕನ ನೆಲದ ಮೇಲೆ ಪಂಕ್ತಿ ಕೂತರು. ಉಪವಾಸದ ಮಾತಾಡಿದ್ದವನು ನಾನು. ಯಾರ ಮುಖವನ್ನೂ ನೋಡದೆ ಸೂರು ನೋಡುತ್ತ ನಿಂತೆ. ಅಕ್ಕ ನೆಲವನ್ನೇ ನೋಡುತ್ತಿದ್ದಳು. ಸೆರಗಿನ ತುದಿ ಅವಳ ಬೆರಳಲ್ಲಿ ಹುರಿಯಾಗುತ್ತಿತ್ತು.

ಕಾರ್ಯದರ್ಶಿಗಳಿಗೆ ಇಷ್ಟು ಸಾಲದೇ? ಆ ತುದಿಯಲ್ಲಿ ಬಿಳಿ ಕಾಲುಚೀಲ ತೊಟ್ಟು, ಎದೆಯುಬ್ಬಿಸಿ ನಿಂತರು. "ಎಲ್ಲರೂ ನನ್ನ ಪಾದ ನೋಡ್ತಿರಿ" ಎಂದು ಹೆಜ್ಜೆಯಿಟ್ಟರು.

ನೋಡಿದೆವು. ಒಂದು ಪಾದ ಮುಂದೆ ಹೋಯಿತು. ಇನ್ನೊಂದು ಅದನ್ನು ಹುಡುಕಿಕೊಂಡು ಹೋಯಿತು. ಒಡೆಯ ಇನ್ನೂ ಹೊರಟೇ ಇಲ್ಲ, ಪಾದಗಳೆರಡೂ ಆಗಲೇ ಪ್ರಯಾಣದಲ್ಲಿದ್ದವು. ಕಾರ್ಯದರ್ಶಿಗಳು ಧೊಪ್ಪೆಂದು ಕೂತರು, ಕೂತಲ್ಲಿ ನಿಲ್ಲಲಿಲ್ಲ. ಕೂತ ಭಂಗಿಯಲ್ಲೇ, ಕೈಗಳನ್ನು ರೆಕ್ಕೆಯಂತೆ ಬಡಿಯುತ್ತ, ಒಂದೊಂದೇ ಮನೆಯ ಬಾಗಿಲನ್ನು ದಾಟುತ್ತ, ರೈಲಿನ ವೇಗದಲ್ಲಿ ಮೆಟ್ಟಿಲಿನತ್ತ ಬಂದರು. ನಾವೆಲ್ಲ ಗೋಡೆಗೆ ಒರಗಿ ದಾರಿ ಬಿಟ್ಟೆವು. ಟೈಲರ್ ಕಣ್ಣು ಮುಚ್ಚಿಕೊಂಡ. ಮೆಟ್ಟಿಲು ಬಾಯಿ ತೆರೆದು ಕಾಯುತ್ತಿತ್ತು.

ವರಾಂಡದ ನಡುವಿನ ಗೆರೆ ದಾಟಿ ಅಕ್ಕನ ಅರ್ಧಕ್ಕೆ ಬಂದರು ನೋಡಿ, ಪಚಪಚ ಎನ್ನುತ್ತ ವೇಗ ಇಳಿದು ಇಳಿದು, ಕೊನೆಗೆ ಪಚಕ್!

ನಿಂತರು. ಯಾರೋ ಹಿಂದಿನಿಂದ ಕಾಲರ್ ಹಿಡಿದಂತೆ ನಿಂತುಬಿಟ್ಟರು. ಕೈ, ಕಾಲುಚೀಲ, ಪ್ಯಾಂಟಿನ ಹಿಂಭಾಗ ಎಲ್ಲವೂ ಒಟ್ಟಿಗೆ ಕಚ್ಚಿಕೊಂಡಿದ್ದವು. ಮೊದಲ ಮೆಟ್ಟಿಲಿಗೂ ಅವರ ಕಾಲ್ಬೆರಳಿಗೂ ನಡುವೆ ಒಂದು ಮೊಳ ಇತ್ತೋ ಇಲ್ಲವೋ. ಇರುವೆಗಳು ಎದ್ದು ಗೌರವದಿಂದ ಜಾಗ ಬಿಟ್ಟವು.

ಮೊದಲು ಟೈಲರ್ ಕಣ್ಣು ಬಿಟ್ಟು ನಕ್ಕ, ಭಾವ ನಕ್ಕ, ಇಡೀ ಮೆಟ್ಟಿಲು ಹೊಟ್ಟೆ ಹಿಡಿದುಕೊಂಡಿತು. ನಾವು ನಾಲ್ಕೈದು ಜನ ಸೇರಿ ಕಾರ್ಯದರ್ಶಿಗಳನ್ನು ಎಳೆದೆವು. ಮನುಷ್ಯ ಎದ್ದು ಬಂದರು, ಕಾಲುಚೀಲಗಳು ಬರಲಿಲ್ಲ.

ಅವರು ಮೆಟ್ಟಿಲ ಆಳವನ್ನು ಒಮ್ಮೆ ನೋಡಿದರು. ತಮ್ಮ ಹೊಳೆಯುವ ನೆಲವನ್ನೂ ಒಮ್ಮೆ ನೋಡಿದರು. ಬೆವರು ಒರೆಸಿಕೊಂಡು, ಬರಿಗಾಲಲ್ಲಿ ನಿಂತು ತೀರ್ಪು ಹೇಳಿದರು:

"ಸರಿ. ಕ್ಯಾನುಗಳು ಅಲ್ಲೇ ಇರ್ಲಿ. ಮುಚ್ಚಳ ಮಾತ್ರ ಸಡಿಲ ಇಡಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಸೆರಗು ಬಿಟ್ಟು ನೆಟ್ಟಗಾದಳು. ಆದರೆ ಹೆಡ್ ಕ್ಲರ್ಕ್ ಆಗಿದ್ದವರಿಗೆ ಒಂದು ಆಕ್ಷೇಪಣೆಯನ್ನಾದರೂ ದಾಖಲಿಸದೆ ಮನೆಗೆ ಹೋಗುವುದು ಸಾಧ್ಯವೇ?

"ಆದ್ರೂ ಒಂದು ಮಾತು ಒಪ್ಕೊಳ್ಳೀಮ್ಮಾ" ಎಂದರು, ಪುಣ್ಯಕ್ಕೆ ಅಕ್ಕನ ಬಲಗಿವಿಯ ಕಡೆ ನಿಂತು. "ನಿಮ್ಮ ನೆಲ ಅಂಟುತ್ತೆ."

ಅಕ್ಕ ಬಕೆಟ್ ಎತ್ತಿಕೊಂಡಳು.

"ಅಂಟದೆ ಇದ್ದಿದ್ರೆ ಸಾರ್, ಇಷ್ಟೊತ್ತಿಗೆ ನೀವು ಕೆಳಗಿನ ಮನೆ ಬಾಗಿಲು ತಟ್ಟಿರ್ತಿದ್ರಿ. ಅದೂ ತಲೆಯಿಂದ."