ಒರಿಜಿನೇಟ್ ಕಲಿಸಿದ ಮೇಡಂ

ಮೇಡಂ ಕತ್ತಿನ ಮೇಲೆ, ಸರ ಹಾಕಿಕೊಳ್ಳುವ ಜಾಗದಲ್ಲಿ, ಅಡ್ಡಕ್ಕೆ ಒಂದು ಗಾಯದ ಗೆರೆಯಿತ್ತು. ಥೈರಾಯ್ಡ್ ಆಪರೇಷನ್ನಿನಲ್ಲಿ ಅವರ ದನಿಯ ಅರ್ಧ ಹೊರಟುಹೋಗಿತ್ತು. ಉಳಿದದ್ದು ಒಣಗಿದ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದುಕೊಂಡು ಹೋದಂಥ ಒಂದು ಗೊರಗೊರ ಸದ್ದು. ಕೂಗುವುದು ಅವರಿಂದ ಆಗುತ್ತಿರಲಿಲ್ಲ. ಮಿಕ್ಕ ಮೇಷ್ಟ್ರುಗಳು ಮೇಜು ಕುಟ್ಟಿ ನಮ್ಮನ್ನು ಸುಮ್ಮನಾಗಿಸುತ್ತಿದ್ದರೆ, ಇಂಗ್ಲಿಷ್ ಪೀರಿಯಡ್ಡಿನಲ್ಲಿ ನಾವೇ ಒಬ್ಬರ ಬಾಯಿ ಒಬ್ಬರು ಮುಚ್ಚುತ್ತಿದ್ದೆವು. ಇಲ್ಲದಿದ್ದರೆ ಏನೂ ಕೇಳಿಸುತ್ತಿರಲಿಲ್ಲ.

ದುದ್ದದ ಪಕ್ಕದ ನಮ್ಮ ಹೈಸ್ಕೂಲಿಗೆ ಅವರು ಹಾಸನದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಡಬ್ಬಿ ತರುತ್ತಿರಲಿಲ್ಲ. ಮಧ್ಯಾಹ್ನ ತಟ್ಟೆ ಹಿಡಿದು ಅಡುಗೆಮನೆಯ ಹೊಸ್ತಿಲ ಬಳಿ ಮಣೆ ಹಾಕಿಕೊಂಡು ಕೂತು, ನಮಗೆ ಬಡಿಸಿದ ಅನ್ನ ಸಾರನ್ನೇ ಉಣ್ಣುತ್ತಿದ್ದರು. ಬಿಸಿಯೂಟ ಮಾಡುವ ಅಕ್ಕನಿಗೂ ಅವರಿಗೂ ಅಲ್ಲಿ ದಿನಾ ಏನಾದರೊಂದು ಮಾತು ನಡೆದಿರುತ್ತಿತ್ತು.

ಪಾಠದಲ್ಲಿ ಅವರದೊಂದು ಪದ್ಧತಿಯಿತ್ತು. ವಾರಕ್ಕೊಂದು ಕ್ರಿಯಾಪದ. ಸೋಮವಾರ ಬೋರ್ಡಿನ ಮೂಲೆಯಲ್ಲಿ ಬರೆದರೆ ಶನಿವಾರದವರೆಗೆ ಯಾರೂ ಅಳಿಸುವಂತಿಲ್ಲ. ಅದನ್ನು ಬಳಸಿ ಪ್ರತಿಯೊಬ್ಬರೂ ಒಂದು ವಾಕ್ಯ ತರಬೇಕು. “ರಾಮ, ಸೀತೆ ಬೇಡ. ನಿಮ್ಮ ಮನೆ ದನ ಬೇಕು, ನಿಮ್ಮ ಮನೆ ಜಗಳ ಬೇಕು” ಎನ್ನುತ್ತಿದ್ದರು. ‘ರಿಫ್ಯೂಸ್’ ವಾರದಲ್ಲಿ ಹಿಂದಿನ ಬೆಂಚಿನವಳೊಬ್ಬಳು ಎದ್ದು, “ಅವರ್ ಬಫೆಲೊ ರಿಫ್ಯೂಸಸ್ ಮೈ ಫಾದರ್” ಎಂದಿದ್ದಳು. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ಅಪ್ಪನನ್ನ ಅಲ್ಲ, ಅಪ್ಪ ಕೊಟ್ಟ ಹುಲ್ಲನ್ನ” ಎಂದು ತಿದ್ದಿದರು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ‘ಒರಿಜಿನೇಟ್’ನ ವಾರ ಬಂತು. ಹುಟ್ಟುವುದು, ಮೊದಲಾಗುವುದು ಎಂದು ಅರ್ಥ ಹೇಳಿ, ಕಾವೇರಿ ಮೇಲೆ ಒಂದು ವಾಕ್ಯ ಮಾಡಿ ಎಂದರು. ನಾನೇ ಮೊದಲು ಎದ್ದು, “ಕಾವೇರಿ ಈಸ್ ಒರಿಜಿನೇಟೆಡ್ ಇನ್ ಕೊಡಗು” ಎಂದೆ.

“ಈಸ್ ಯಾಕೆ ಬಂತು? ಹೊಳೇನ ಯಾರಾದರೂ ಹುಟ್ಟಿಸ್ತಾರಾ? ಅದೇ ಹುಟ್ಟುತ್ತೆ. ಕಾವೇರಿ ಒರಿಜಿನೇಟ್ಸ್ ಇನ್ ಕೊಡಗು. ಅಷ್ಟೇ.”

ಆಮೇಲೆ ಕಿಟಕಿಗೆ ಒರಗಿ ನಿಂತು ಹೇಳಿದರು: “ನಾನು ಕೊಣನೂರಿನವಳು. ಹೊಳೆ ನಮ್ಮೂರ ಹತ್ತಿರಾನೇ ಹರಿಯುತ್ತೆ. ನಮ್ಮ ಹೊಳೆ ಅಂತಾನೇ ಅಂತೀವಿ, ಅನ್ನಲೂಬೇಕು. ಆದರೆ ಎಲ್ಲಿ ಹುಟ್ಟಿತು ಅಂತ ಯಾರಾದರೂ ಕೇಳಿದರೆ ಕೊಡಗು ಅನ್ನಬೇಕು. ಹಂಗಂದ ಮಾತ್ರಕ್ಕೆ ನಮ್ಮೂರಿನ ನೀರು ಕಮ್ಮಿ ಆಗಲ್ಲ.”

ಅವತ್ತು ಇನ್ನೊಂದು ಪಾಠವೂ ಆಯಿತು. ಎಲ್ಲಿ ಹುಟ್ಟಿತು ಎನ್ನುವುದಕ್ಕೆ ‘ಇನ್’, ಯಾವುದರಿಂದ ಎನ್ನುವುದಕ್ಕೆ ‘ಫ್ರಮ್’. ಒಬ್ಬ ಮನುಷ್ಯನ ತಲೆಯಲ್ಲಿ ಹುಟ್ಟಿದ್ದಾದರೆ ‘ವಿತ್’. “ಬೈ ಅಲ್ವಾ ಮಿಸ್?” ಎಂದು ನಾವೆಲ್ಲ ಕೇಳಿದೆವು. “ಅಲ್ಲ. ವಿತ್. ಕಿವಿಗೆ ವಿಚಿತ್ರ ಅನ್ಸುತ್ತೆ, ಅನ್ಸಲಿ” ಎಂದರು. ಬರೆದುಕೊಂಡೆವು, ಮರೆತೂಬಿಟ್ಟೆವು.

ಅಡುಗೆಯ ಅಕ್ಕನ ಎಡಗೈಯಲ್ಲಿ ಮುಂಗೈಯಿಂದ ಮೊಣಕೈವರೆಗೆ ಸುಟ್ಟ ಕಲೆಯಿತ್ತು. ಅನ್ನ ಬೆಂದ ಮೇಲೆ ಆ ದೊಡ್ಡ ಪಾತ್ರೆಯನ್ನು ಇಬ್ಬರು ಹೆಂಗಸರು ಬಟ್ಟೆ ಹಿಡಿದು ಎತ್ತಿ, ಬಾಗಿಸಿ ಗಂಜಿ ಬಸಿಯಬೇಕಿತ್ತು. ಒಮ್ಮೆ ಕೈಜಾರಿ ಕುದಿಯುವ ಗಂಜಿ ಅಕ್ಕನ ಕೈಮೇಲೇ ಬಿದ್ದಿತ್ತು. ಹತ್ತನೇ ಕ್ಲಾಸಿನಲ್ಲಿ ಒಂದು ಮಧ್ಯಾಹ್ನ ನಾನು ತಟ್ಟೆ ಹಿಡಿದು ಕಾಯುತ್ತಿದ್ದಾಗ ಅವರು ಪಾತ್ರೆ ನೋಡುತ್ತಾ ಹೇಳಿದರು: “ಕೂಸ್ನ ತೊಟ್ಲಲ್ ಆಕಿ ತೂಗ್ದಂಗೆ ಇದ್ನೂ ಎರಡು ಕಂಬದ್ ಮಧ್ಯೆ ನೇತಾಕಿದ್ರೆ ಎತ್ತೋ ಕ್ವಾಟ್ಲೆ ಇರಕಿಲ್ಲ ನೋಡವ್ವ. ಇಂಗೆ ಒಂದ್ ಬೆಳ್ಳಲ್ಲಿ ಬಗ್ಸಿದ್ರಾಯ್ತು.”

ಅದೇ ವಾರ ವಿಜ್ಞಾನದ ಸರ್ ಜಿಲ್ಲಾ ವಸ್ತುಪ್ರದರ್ಶನಕ್ಕೆ ಹೊಸ ಐಡಿಯಾ ಕೇಳಿದರು. ನಾನು ಬೋರ್ಡಿನ ಮೇಲೆ ಎರಡು ಕಂಬ, ಒಂದು ಕಬ್ಬಿಣದ ಬಳೆ, ಬಳೆಯೊಳಗೆ ಪಾತ್ರೆ ಬರೆದು ತೋರಿಸಿದೆ. ಸರ್ ಹಿಗ್ಗಿಹೋದರು. “ನಿನಗೇ ಹೊಳೆದದ್ದಾ?” ಎಂದು ಕೇಳಿದರು. ನಾನು ತಲೆಯಾಡಿಸಿದೆ. ಬರೀ ತಲೆಯಾಡಿಸಿದ್ದು, ಬಾಯಿಬಿಟ್ಟು ಹೂಂ ಎನ್ನಲಿಲ್ಲ. ಬಹಳ ದಿನ ನನಗೆ ನಾನೇ ಹೇಳಿಕೊಂಡ ಸಮಾಧಾನ ಅದು.

ಮಾಡುವ ಕೆಲಸ ಸುಲಭವಿರಲಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಸಲ ಕಟ್ಟಿ ಮೂರು ಸಲ ಬಿಚ್ಚಿದೆವು. ಮೊದಲ ಸಲ ಪಾತ್ರೆ ತಾನಾಗಿಯೇ ಮಗುಚಿಕೊಂಡಿತು, ಎರಡನೇ ಸಲ ಬಾಗಿದ್ದು ಮೇಲೇಳಲೇ ಇಲ್ಲ. ಬಳೆಯನ್ನು ಕಂಬಕ್ಕೆ ಸಿಕ್ಕಿಸಿದ ಗೂಟ ಪಾತ್ರೆಯ ತೂಕದ ನಡುವಿಗಿಂತ ಒಂದಿಷ್ಟು ಮೇಲಿದ್ದರೆ ಕೈಬಿಟ್ಟ ಕೂಡಲೇ ಅದು ನೆಟ್ಟಗಾಗುತ್ತದೆ ಎಂದು ನೀರು ತುಂಬಿ, ಮರಳು ತುಂಬಿ, ಅಳೆದು ಅಳೆದು ಕಂಡುಹಿಡಿದೆ. ಅಷ್ಟು ದುಡಿದ ಮೇಲೆ ಅದು ನನ್ನದೇ ಎಂದು ನನಗೂ ಅನ್ನಿಸತೊಡಗಿತ್ತು.

ಪ್ರದರ್ಶನದ ಅರ್ಜಿ ಇಂಗ್ಲಿಷಿನಲ್ಲಿತ್ತು. ಐಡಿಯಾ ಹುಟ್ಟಿದ್ದು ಹೇಗೆ ಎಂಬ ಕಾಲಂನಲ್ಲಿ ನಾನು, “ದಿಸ್ ಐಡಿಯಾ ಈಸ್ ಒರಿಜಿನೇಟೆಡ್ ಬೈ ಮಿ” ಎಂದು ಬರೆದು ಮೇಡಂಗೆ ತೋರಿಸಿದೆ.

ಕೆಂಪು ಪೆನ್ನು ತೆಗೆದರು. ‘ಈಸ್’ ಹೊಡೆದುಹಾಕಿದರು. ‘ಬೈ’ ಹೊಡೆದು ಮೇಲೆ ‘ವಿತ್’ ಬರೆದರು. ‘ಮಿ’ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು, ಏನೂ ಬರೆಯಲಿಲ್ಲ.

“ವ್ಯಾಕರಣ ಸರಿಹೋಯ್ತು,” ಎಂದರು. “ವಾಕ್ಯ ನಿಜವಾ ಅಂತ ನೀನು ನೋಡ್ಕೋ. ಅದು ನನ್ನ ಕೆಂಪು ಪೆನ್ನಿಗೆ ಗೊತ್ತಾಗಲ್ಲ.”

ಎರಡು ದಿನ ಆ ಹಾಳೆ ನನ್ನ ಬ್ಯಾಗಿನಲ್ಲಿತ್ತು. ಮೂರನೇ ದಿನ ಮಧ್ಯಾಹ್ನ ಅಡುಗೆಮನೆಗೆ ಹೋಗಿ, “ಅಕ್ಕ, ತೊಟ್ಟಿಲ ಮಾತು ನಿಮ್ಮದು ಅಂತ ಬರೀಬೇಕು” ಎಂದೆ.

“ಅಯ್ಯೋ ಬುಡವ್ವ, ನನ್ ಇಸ್ಯ ಯಾಕೆ? ನಾನೇನ್ ಓದ್ದೋಳಾ?” ಎಂದರು. ಸೌಟು ತಿರುಗಿಸುತ್ತಲೇ, “ತೊಟ್ಲು ಮಾತು ನಾನು ಮೊದ್ಲು ಆಡಿದ್ದು ಮೇಡಮ್ಮೋರ್ ಮುಂದೆ ಅಲ್ವಾ. ಅವ್ರಿಗೂ ಗೊತ್ತದೆ” ಎಂದು ಸೇರಿಸಿದರು.

ಅಲ್ಲೇ ಹೊಸ್ತಿಲ ಮೇಲೆ ಕೂತೆ. ಹೊಸದಾಗಿ ಒಂದು ಹಾಳೆ ತೆಗೆದು ಬರೆದೆ: ದಿ ಐಡಿಯಾ ಒರಿಜಿನೇಟೆಡ್ ವಿತ್ ದಿ ಕುಕ್ ಆಫ್ ಅವರ್ ಸ್ಕೂಲ್. ಸ್ಟಾಫ್ ರೂಮಿಗೆ ಒಯ್ದಾಗ ವಿಜ್ಞಾನದ ಸರ್ ಸಿಟ್ಟಾದರು. ಅವರ ಸಿಟ್ಟೂ ಸುಳ್ಳಲ್ಲ. ನಮ್ಮ ಜೊತೆ ಅವರೂ ವೆಲ್ಡಿಂಗ್ ಅಂಗಡಿಯಲ್ಲಿ ಬೆವರು ಸುರಿಸಿದ್ದರು. “ಸ್ವಂತ ಐಡಿಯಾಕ್ಕೇ ಜಾಸ್ತಿ ನಂಬರ್ ಇರೋದು. ಇದನ್ನ ನೋಡಿದ್ರೆ ಅಲ್ಲೇ ಕತ್ತರಿಸ್ತಾರೆ” ಎಂದರು.

“ಕತ್ತರಿಸಲಿ ಸಾರ್,” ಎಂದರು ಮೇಡಂ. “ಅವಳೇ ಬರೆದಿದ್ದಾಳೆ. ನಾನಂತೂ ಒಂದು ತಪ್ಪೂ ಕಾಣೆ.”

ಹೊರಗೆ ಬಂದಾಗ ನಾನು ಕೇಳಿದೆ, “ಮಿಸ್, ನಿಮಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ?”

“ನಾನು ಹೇಳಿದ್ರೆ ನೀನು ಹೆದರಿಕೊಂಡು ಬರೀತಿದ್ದೆ” ಎಂದು ಬಸ್ಸಿಗೆ ಹೊರಟರು.

ಹಾಸನದಲ್ಲಿ ಪ್ರದರ್ಶನ. ನಮ್ಮ ಪಾತ್ರೆಯನ್ನು ಒಂದು ಬೆರಳಿನಲ್ಲಿ ಬಾಗಿಸಿ ನೋಡಿದ ತೀರ್ಪುಗಾರರು ಅರ್ಜಿ ಓದಿ ಕನ್ನಡಕ ತೆಗೆದರು. “ಐಡಿಯಾ ಅಡುಗೆಯವರದು ಅಂದಮೇಲೆ ಇದರಲ್ಲಿ ನಿನ್ನದೇನಮ್ಮ?” ಎಂದರು. ಆ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಗೂಟದ ಎತ್ತರ, ಮೂರು ಸಲ ಸೋತದ್ದು, ಮರಳಿನ ಲೆಕ್ಕ ಎಲ್ಲ ಹೇಳಿದೆ. ಹೇಳುತ್ತಾ ಹೋದಂತೆ ನನ್ನ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂದು ನನಗೇ ಮೊದಲ ಬಾರಿ ಸ್ಪಷ್ಟವಾಯಿತು. ಅದು ಚಿಕ್ಕದೇನೂ ಇರಲಿಲ್ಲ.

ಸ್ವಂತ ಐಡಿಯಾದ ನಂಬರ್ ಕತ್ತರಿಸಿದ್ದರಿಂದ ಎರಡನೇ ಬಹುಮಾನ ಬಂತು. ರಾಜ್ಯಮಟ್ಟಕ್ಕೆ ಮೊದಲನೆಯವರು ಮಾತ್ರ. ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿ ಕಡೆ ತಿರುಗಿ ಅತ್ತೆ. ನನ್ನನ್ನು ಊರು ಮುಟ್ಟಿಸಲು ಜೊತೆಗೆ ಬಂದಿದ್ದ ಮೇಡಂ ಸಮಾಧಾನ ಹೇಳಲಿಲ್ಲ. ಹುರಿದ ಕಡ್ಲೆಕಾಯಿಯ ಪೊಟ್ಟಣ ಬಿಚ್ಚಿ ನನ್ನ ತೊಡೆಯ ಮೇಲಿಟ್ಟು, “ಅತ್ತಾದ ಮೇಲೆ ತಿನ್ನು, ಬಿಸಿಯಾಗೇ ಇರುತ್ತೆ” ಎಂದರು.

ಆದರೆ ಆ ಅರ್ಜಿ ಅಲ್ಲಿಗೇ ನಿಲ್ಲಲಿಲ್ಲ. ಪ್ರದರ್ಶನ ನೋಡಲು ಬಂದಿದ್ದ ಬಿಸಿಯೂಟದ ಅಧಿಕಾರಿಯೊಬ್ಬರು ಅದನ್ನು ಓದಿ, ಆ ಅಡುಗೆಯವರನ್ನೇ ನೋಡಬೇಕೆಂದು ನಮ್ಮ ಸ್ಕೂಲಿಗೆ ಬಂದರು. ಎರಡು ತಿಂಗಳ ನಂತರ ಸುತ್ತಲಿನ ಶಾಲೆಗಳ ಅಡುಗೆಯವರನ್ನೆಲ್ಲ ಹಾಸನದಲ್ಲಿ ಸೇರಿಸಿ, ನಮ್ಮ ಅಕ್ಕನನ್ನು ವೇದಿಕೆಯ ಮೇಲೆ ಕುರ್ಚಿ ಹಾಕಿ ಕೂರಿಸಿದರು. ಅಕ್ಕ ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಒಲೆ ಹೊತ್ತಿಸಿ, ಅನ್ನ ಬೇಯಿಸಿ, ಒಂದು ಹನಿ ಚೆಲ್ಲದಂತೆ ಗಂಜಿ ಬಸಿದು ತೋರಿಸಿದರು. ಮುಂದೆ ಕೂತ ಹೆಂಗಸರಲ್ಲಿ ಎಷ್ಟೋ ಜನರ ಕೈಮೇಲೆ ಅಂಥದೇ ಕಲೆಗಳಿದ್ದವು. ಅವರು ಹೊಡೆದಂಥ ಚಪ್ಪಾಳೆಯನ್ನು ನಾನು ಆಮೇಲೆ ಯಾವ ಸಭೆಯಲ್ಲೂ ಕೇಳಿಲ್ಲ.

ಮೈಕ್ ಕೈಗೆ ಕೊಟ್ಟಾಗ ಅಕ್ಕ ಅದನ್ನು ದೂರ ಹಿಡಿದುಕೊಂಡು, “ನಾನು ಬರೀ ತೊಟ್ಲು ಅಂದೆ ಸಾ. ಅಷ್ಟೇಯ. ಲೆಕ್ಕ ಆಕಿ ನಿಲ್ಸಿದ್ದು ಆ ಮಗ, ಅಗೋ ಅಲ್ ಕುಂತವ್ಳಲ್ಲ” ಎಂದು ನನ್ನ ಕಡೆ ಕೈ ತೋರಿಸಿದರು. ಸಭೆಯೆಲ್ಲ ತಿರುಗಿ ನನ್ನನ್ನು ನೋಡಿತು. ನಾನು ಮೇಡಂ ಮುಖ ನೋಡಿದೆ. ಅವರು ಕೊನೆಯ ಸಾಲಿನಲ್ಲಿ ಕೂತು ಸೆರಗಿನ ತುದಿಯನ್ನು ಮಡಿಸುತ್ತಾ ಬಿಚ್ಚುತ್ತಾ ಇದ್ದರು. ಶಹಬ್ಬಾಸ್ ಎನ್ನಲಿಲ್ಲ. ಮುಂದಿನ ಸೋಮವಾರ ಬೋರ್ಡಿನ ಮೂಲೆಯಲ್ಲಿ ಬೇರೊಂದು ಕ್ರಿಯಾಪದ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಸೇರಿ, ಇಂಜಿನಿಯರಿಂಗ್ ಮುಗಿಸಿ, ಈಗ ಚನ್ನರಾಯಪಟ್ಟಣದಲ್ಲಿ ಪಾಲಿಟೆಕ್ನಿಕ್ ಮಕ್ಕಳಿಗೆ ಯಂತ್ರಗಳ ಪಾಠ ಹೇಳುತ್ತೇನೆ. ಮಕ್ಕಳು ಪ್ರಾಜೆಕ್ಟ್ ವರದಿ ತಂದಾಗ ಅವರನ್ನು ಎದುರಿಗೆ ಕೂರಿಸಿಕೊಂಡು ಮೊದಲ ಹಾಳೆಯನ್ನು ಓದಿಸುತ್ತೇನೆ. ಯಾರ ಹೆಸರು ಬಿಟ್ಟುಹೋಗಿದೆ ಎಂದು ಕೇಳುತ್ತೇನೆ. ಬಹುತೇಕ ಯಾರದಾದರೂ ಬಿಟ್ಟುಹೋಗಿರುತ್ತದೆ.

ಮೇಡಂ ನಿವೃತ್ತಿಯ ನಂತರ ಹೊಳೆನರಸೀಪುರದಲ್ಲಿ ಮಗಳ ಮನೆಯಲ್ಲಿದ್ದರು. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡರು. ತಿಥಿಯ ದಿನ ನಾನು ಹೋದಾಗ ಅಡುಗೆಯ ಅಕ್ಕ ದುದ್ದದಿಂದ ಎರಡು ಬಸ್ಸು ಬದಲಾಯಿಸಿ ಆಗಲೇ ಬಂದಿದ್ದರು. ಯಾರು ಎಷ್ಟು ಹೇಳಿದರೂ ಕೂರದೆ, ಸೆರಗು ಸಿಕ್ಕಿಸಿಕೊಂಡು ಬಂದವರಿಗೆಲ್ಲ ಬಡಿಸುತ್ತಿದ್ದರು.

ಊಟವಾದ ಮೇಲೆ ಮೇಡಂ ಮಗಳು ನನ್ನ ಹತ್ತಿರ ಬಂದು, “ನೀವೇನಾ ಅವರು?” ಎಂದರು. “ಮನೆಗೆ ಯಾರು ಬಂದ್ರೂ ಅಮ್ಮ ನಿಮ್ಮ ವಿಷಯ ಹೇಳೋರು. ‘ನನ್ನ ಹುಡುಗಿ ಒಬ್ಬಳು ಒಂದು ವಾಕ್ಯ ಸರಿಯಾಗಿ ಬರೆದು ಫಸ್ಟ್ ಪ್ರೈಜ್ ಬಿಟ್ಟುಕೊಟ್ಟಳು, ಅಂಥೋಳಿಗೆ ನಾನು ಇಂಗ್ಲಿಷ್ ಮೇಡಂ’ ಅನ್ನೋರು. ನಮಗೆಲ್ಲ ಕೇಳಿ ಕೇಳಿ ಬಾಯಿಪಾಠ ಆಗಿದೆ.”

ಎದುರಿಗೆ ಒಂದು ದಿನವೂ ಹೊಗಳದವರು. ಅಕ್ಕನ ಬಳಿ ಹೋಗಿ ಹೇಳಿದೆ.

ಅಕ್ಕ ಕೈ ತೊಳೆದುಕೊಂಡು ಸೆರಗಿಗೆ ಒರೆಸಿಕೊಂಡರು. “ನಂಗೂ ಏಳೋರು ಕಣವ್ವ, ದಿನಾ ಉಣ್ಣುವಾಗ,” ಎಂದರು. “ಅವ್ಳ್ಗೆ ಏಳ್ಬ್ಯಾಡ, ತಲೆ ತಿರುಗ್ತದೆ ಅಂದಿದ್ರು. ಅದ್ಕೆ ಇಸ್ಟ್ ವರ್ಸ ಸುಮ್ಕಿದ್ದೆ.”

ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದೆವು. ನಾನು ಅಳುತ್ತಿದ್ದೆ. ಹಾಗಿದ್ದೂ ಅವತ್ತು ಆ ಬೀದಿಯಲ್ಲಿ ನನ್ನಷ್ಟು ತಲೆಯೆತ್ತಿ ನಡೆದವರು ಬೇರೆ ಯಾರೂ ಇದ್ದಿರಲಾರರು.