ಡಾಬಕಾ ಬಾವಿಯ ಹಲ್ಲು

ಬಸ್ಸಿನಲ್ಲಿ ನಿಂತು ಹೋಗುವಾಗ ಈಗಲೂ ಮೇಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತೇನೆ. ಹಿಡಿದು, ಬಿಟ್ಟು, ಅಂಗೈ ನೋಡಿಕೊಂಡು ಮತ್ತೆ ಹಿಡಿಯುತ್ತೇನೆ. ಭಾಲ್ಕಿ ಬಸ್ಸಿನ ಕಂಡಕ್ಟರ್ ಒಮ್ಮೆ, "ಕಂಬಿ ಗಟ್ಟಿ ಅದರಿ ಮೇಡಂ, ಎಲ್ಲೂ ಓಡಿ ಹೋಗಲ್ಲ" ಎಂದು ನಕ್ಕ. ನಾನೂ ನಕ್ಕೆ. ಬಾವಿಯ ಹಗ್ಗದ ಮೇಲೆ ಜಾರುತ್ತಿದ್ದ ಎರಡು ಬಿಳಿ ಕೈಗಳ ವಿಷಯ ಅವನಿಗೆ ಹೇಗೆ ಗೊತ್ತಾಗಬೇಕು?

ನಾನು ಬೀದರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಅದಕ್ಕೂ ಮೊದಲು ಎರಡು ವರ್ಷ ದೂರದ ಊರಿನ ಒಂದು ಪ್ರಯೋಗಾಲಯದಲ್ಲಿದ್ದೆ. ಉತ್ತರ ಧ್ರುವದ ಕಡೆ, ಹೆಪ್ಪುಗಟ್ಟಿದ ನೆಲದಿಂದ ತೆಗೆದ ಹಿಮಸಾರಂಗ, ಕಾಡುಕುದುರೆ, ಮ್ಯಾಮತ್‌ಗಳ ಮೂಳೆಗಳು ಸಣ್ಣ ಪೊಟ್ಟಣಗಳಲ್ಲಿ ಅಲ್ಲಿಗೆ ಬರುತ್ತಿದ್ದವು. ಅವುಗಳನ್ನು ಚಿಟಿಕೆಯಷ್ಟು ಕೊರೆದು ಪುಡಿ ಮಾಡುವುದು ನನ್ನ ಕೆಲಸ. ಆ ಪುಡಿಯಿಂದ ಸಾವಿರಾರು ವರ್ಷ ಹಳೆಯ ಡಿಎನ್‌ಎ ತೆಗೆಯುತ್ತಿದ್ದರು. ಒಂದು ಕಾಲದ ಮೂಳೆಗಳಲ್ಲಿ ಅದು ಬಗೆಬಗೆಯಾಗಿದ್ದರೆ ಆಗ ಹಿಂಡು ದೊಡ್ಡದಿತ್ತು ಎಂದರ್ಥ. ಹವಾಮಾನ ಬಿಸಿಯಾಗಿ, ಹುಲ್ಲುಗಾವಲು ಕೆಸರಾದ ಮೇಲಿನ ಮೂಳೆಗಳೆಲ್ಲ ಒಂದೇ ಮನೆಯವರಂತೆ ಕಂಡರೆ, ಹಿಂಡು ಕರಗಿ ಕೆಲವೇ ಉಳಿದಿದ್ದವು ಎಂದರ್ಥ. ಪ್ರಾಣಿ ಇಲ್ಲ, ಅದು ಪಟ್ಟ ಪಾಡು ಮೂಳೆಯಲ್ಲಿದೆ. ಇದನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ.

ಅಲ್ಲಿ ಮೊದಲ ದಿನವೇ ಕಲಿಸಿದ್ದು, ಬರಿಗೈಯಲ್ಲಿ ಮುಟ್ಟಬೇಡ ಎಂಬುದನ್ನು. ಮನುಷ್ಯನ ಬೆವರೋ ಉಗುಳೋ ತಾಗಿದರೆ ಮೂಳೆಯಲ್ಲಿ ಅಳಿದುಳಿದ ಹಳೆಯದು ಹೊಸದರಲ್ಲಿ ಮುಚ್ಚಿಹೋಗುತ್ತದೆ. ಆ ಮಾತು ನನ್ನ ಮೈಗೆ ಹತ್ತಿಬಿಟ್ಟಿತ್ತು.

ಕಳೆದ ಬೇಸಿಗೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಕಾಕಾ ಔರಾದ ತಾಲೂಕಿನ ಡಾಬಕಾದಲ್ಲಿ, ಹಳ್ಳದ ಪಕ್ಕದ ತಮ್ಮ ಬಾವಿಯ ಹೂಳು ತೆಗೆಸುತ್ತಿದ್ದರು. ತಳದ ಹತ್ತಿರ, ಮರಳು-ಕಲ್ಲು ಬೆರೆತ ಗರಸು ಮಣ್ಣಿನ ಗೋಡೆಯಲ್ಲಿ ಅಂಗೈ ಅಗಲದ ಹಲ್ಲೊಂದು ಕಂಡಿತೆಂದು ಅವಳು ಫೋಟೊ ಕಳಿಸಿದಳು. ನಾನು ಅದನ್ನು ಪ್ರಯೋಗಾಲಯದ ನನ್ನ ಗುರುಗಳಿಗೆ ಕಳಿಸಿದೆ. ಅವರು ಕೂಡಲೇ ಫೋನ್ ಮಾಡಿ, ಸಾವಿರಾರು ವರ್ಷ ಹಿಂದಿನ ಆನೆಯದಿರಬೇಕು ಎಂದರು. ಹಿಮದ ನಾಡಿನ ಮೂಳೆಗಳ ಜೊತೆ ಇಟ್ಟು ನೋಡಲು ಬಿಸಿನೆಲದ ಒಂದು ಹಲ್ಲು ಅವರಿಗೆ ಬೇಕಿತ್ತು. ನಮ್ಮ ಬಿಸಿಲಿಗೆ ಡಿಎನ್‌ಎ ಉಳಿದೀತೇ ಎಂಬುದೇ ಮೊದಲ ಪ್ರಶ್ನೆ. "ಯಾರೂ ಮುಟ್ಟದ ಹಾಗೆ ತೆಗೆಸಮ್ಮಾ" ಎಂದರು.

ಬಾವಿಗೆ ಇಳಿಯುತ್ತಿದ್ದವರು ಭಾಲ್ಕಿ ತಾಲೂಕಿನ ಸಾಯಗಾಂವದವರು. ಅರವತ್ತರ ಹತ್ತಿರದ ವಯಸ್ಸು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಬಾವಿ ಕೆಲಸವೆಂದರೆ ಅವರೇ. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿರಲಿಲ್ಲ, ಅದು ಮಣ್ಣಿನ ಬುಟ್ಟಿಗೆ ಸುತ್ತಿಕೊಳ್ಳುತ್ತದೆ ಎನ್ನುತ್ತಿದ್ದರು. ಕಲ್ಲಿನ ಮೆಟ್ಟಿಲುಗಳು ಅರ್ಧ ಬಾವಿಗೇ ಮುಗಿಯುತ್ತಿದ್ದವು. ಅಲ್ಲಿಂದ ಕೆಳಗೆ, ಬೇವಿನ ಮರಕ್ಕೆ ಕಟ್ಟಿದ ನೈಲಾನ್ ಹಗ್ಗ ಹಿಡಿದು, ಗೋಡೆಗೆ ಕಾಲು ಕೊಟ್ಟು ಇಳಿಯುತ್ತಿದ್ದರು. ಹಾಗೆಯೇ ಹತ್ತುತ್ತಿದ್ದರು.

ಹಲ್ಲು ಹಾಕಲು ಪ್ಲಾಸ್ಟಿಕ್ ಪೊಟ್ಟಣದ ಜೊತೆ ನಾನು ತೆಳ್ಳನೆಯ ಬಿಳಿ ಗ್ಲೌಸ್ ಕೊಟ್ಟಾಗ, ಗ್ಲೌಸನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಏನ್ ಬೇಟಿ ಇದು, ಬಾವಿಗೆ ಆಪರೇಷನ್ ಅದ ಏನು?"

"ಹಲ್ಲಿಗೆ ನಿಮ್ಮ ಬೆವರು ಹತ್ತಬಾರ್ದು ಚಾಚಾ."

ದಂಡೆಯ ಮೇಲಿದ್ದ ಕಾಕಾ, "ಹಾಕ್ಕೋರಿ ಚಾಚಾ, ಡಾಕ್ಟರ್ ಸಾಹೇಬ್ರ ಹಾಂಗ ಕಾಣ್ತೀರಿ" ಎಂದರು.

"ಡಾಕ್ಟರ್ ಆದ್ರ ಮೊದ್ಲ ನಿನ್ನ ಬಾಯಿ ಹೊಲಿತೇನಿ."

ಕೂಲಿಗೆ ಬಂದಿದ್ದ ಇಬ್ಬರೂ ನಕ್ಕರು. ಚಾಚಾ ಗ್ಲೌಸನ್ನು ಜೇಬಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು. "ಕೆಳಗ ಹೋಗಿ ಹಾಕ್ಕೋತೇನಿ. ಹತ್ತಬೇಕಾದ್ರ ತಗೀಲಾ?"

ಆ ಪ್ರಶ್ನೆಯನ್ನು ಇಲ್ಲಿಯವರೆಗೆ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ. ಪಾತ್ರೆ ತೊಳೆಯುವಾಗ, ಹಾಜರಿ ತೆಗೆದುಕೊಳ್ಳುವಾಗ. ಒಮ್ಮೊಮ್ಮೆ ಬೇರೆ ಉತ್ತರ ಕೊಟ್ಟು ನೋಡುತ್ತೇನೆ. ಆ ದಿನ ಕೊಟ್ಟ ಉತ್ತರ ಇದು: "ಬ್ಯಾಡ್ರಿ ಚಾಚಾ. ಮ್ಯಾಲ ಬಂದು ಪೊಟ್ಟಣ ನನ್ನ ಕೈಗೆ ಕೊಟ್ಟಮ್ಯಾಲೇ ತಗೀರಿ."

ಹಲ್ಲು ಸಲೀಸಾಗಿ ಬಂತು. ಚಾಚಾ ಅದನ್ನು ಪೊಟ್ಟಣಕ್ಕೆ ಹಾಕಿ, ಪೊಟ್ಟಣವನ್ನು ಚೀಲಕ್ಕೆ ಹಾಕಿ, ಸೊಂಟಕ್ಕೆ ಕಟ್ಟಿಕೊಂಡರು. ಹಲ್ಲಿದ್ದ ಜಾಗದಿಂದ ಸಕ್ಕರೆ ಸುರಿದ ಹಾಗೆ ಸದ್ದು ಶುರುವಾಯಿತು. ಮರಳು. ಅದರ ಹಿಂದೆ ಸಣ್ಣ ಕಲ್ಲು.

"ಹತ್ತರಿ ಚಾಚಾ, ಗ್ವಾಡಿ ಬಿಡ್ಲಿಕತ್ತದ!" ಎಂದು ಕಾಕಾ ಕಿರುಚಿದರು.

ಚಾಚಾ ಹಗ್ಗಕ್ಕೆ ಜಿಗಿದರು. ಕೆಸರು ಮೆತ್ತಿದ ಬಿಳಿ ಕೈ ಹಗ್ಗ ಹಿಡಿಯಿತು, ಮೇಲೇರಿತು, ಜಾರಿತು. ಮತ್ತೆ ಹಿಡಿಯಿತು, ಮತ್ತೆ ಜಾರಿತು. ಮೊಣಕಾಲವರೆಗೆ ಗರಸು ಬಂದಿತ್ತು. ಗ್ಲೌಸ್ ತೆಗೆಯಿರಿ ಎಂದು ಕೂಗಿದೆನೋ, ಬರೀ ಬಾಯಿ ತೆರೆದು ನಿಂತಿದ್ದೆನೋ, ಇವತ್ತಿಗೂ ಹೇಳಲಾರೆ. ಅವರು ತಮ್ಮ ಹಲ್ಲಿನಿಂದ ಕಚ್ಚಿ ಎರಡೂ ಗ್ಲೌಸ್ ಹರಿದೆಸೆದು ಮೂರನೇ ಸಲ ಹಿಡಿದರು. ಈ ಸಲ ಕೈ ನಿಂತಿತು. ಮೇಲಿನಿಂದ ಮೂವರೂ ಹಗ್ಗ ಎಳೆದರು. ಅವರು ಮೆಟ್ಟಿಲು ಮುಟ್ಟುವಷ್ಟರಲ್ಲಿ ಗೋಡೆ ಕುಸಿಯಿತು. ಒಂದು ಕಲ್ಲು ಸಿಡಿದು ಅವರ ಎಡಗಾಲಿಗೆ ಬಡಿಯಿತು.

ದಂಡೆಯ ಮೇಲೆ ಮಲಗಿಸಿದಾಗ ಚಾಚಾ ಏದುಸಿರು ಬಿಡುತ್ತಿದ್ದರು. ಚೀಲ ಬಿಚ್ಚಿ, ಪೊಟ್ಟಣ ಹರಿದಿದ್ದರಿಂದ ಹಲ್ಲನ್ನೇ ತೆಗೆದು ನನ್ನತ್ತ ಚಾಚಿದರು. "ತಗೋ ಬೇಟಿ, ನಿನ್ನ ಹಲ್ಲು." ಆಮೇಲೆ ತಮ್ಮ ಬರಿಗೈ ನೋಡಿಕೊಂಡರು. "ಅರೆ, ಮುಟ್ಟಿಬಿಟ್ಟೆ. ಮಾಫ್ ಮಾಡು."

ಜೀಪು ಬರುವವರೆಗೆ ಕಾಕಾ ಅಕ್ಕಪಕ್ಕದ ಹೊಲದವರಿಗೆ ಹೇಳುತ್ತಿದ್ದರು: "ವಯಸ್ಸಾತು ನೋಡ್ರಿ. ಚಾಚಾನ ಕೈಯಾಗ ಹಿಡಿತ ಉಳಿದಿಲ್ಲ." ನಾನು ಎರಡು ಮಾರು ದೂರದಲ್ಲಿದ್ದೆ. ಕೇಳಿಸಿತು. ಹಲ್ಲನ್ನು ಹೊಸ ಪೊಟ್ಟಣಕ್ಕೆ ಹಾಕಿ ಕಟ್ಟಿದೆ.

ಬೀದರಿನ ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿದರು. ಎರಡು ಸಲ ಹಣ್ಣು ತೆಗೆದುಕೊಂಡು ಹೋಗಿ ಬಂದೆ, ಕಾಲಿನ ಬಗ್ಗೆ ಮಾತ್ರ ಮಾತಾಡಿದೆ. ಕಾಕಾನ ಮಾತು ಊರೂರು ತಿರುಗಿತ್ತು. ಮುಂದಿನ ಬಾವಿ ಕೆಲಸಕ್ಕೆ ಹೇಳಿದ್ದ ಕಮಠಾಣ ಊರಿನವರು, ಬರುವುದು ಬೇಡ ಎಂದು ಹೇಳಿ ಕಳಿಸಿದರಂತೆ. "ಅವರ ಕೈ ಜಾರ್ತದಂತ ಅಂತಾರ ಮೇಡಂ" ಎಂದು ನನ್ನ ವಿದ್ಯಾರ್ಥಿನಿ ಹೇಳಿದಳು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳೆಂದು ನನಗೆ ಅನಿಸಿತು. ನೋಡುತ್ತಿರಲಿಲ್ಲವೇನೋ.

ಹಲ್ಲಿನ ಜೊತೆ ಕಳಿಸಲು ಗುರುಗಳು ಒಂದು ಫಾರಂ ಕಳಿಸಿದ್ದರು. ಯಾರು ಮುಟ್ಟಿದರು, ಹೇಗೆ ಮುಟ್ಟಿದರು, ಗ್ಲೌಸ್ ಇಲ್ಲದಿದ್ದರೆ ಏಕೆ. ಕೊನೆಯ ಸಾಲಿಗೆ ಬಂದು ವಾರಗಟ್ಟಲೆ ನಿಂತೆ. ಕೊನೆಗೆ ಬರೆದೆ: ಗ್ಲೌಸ್ ಹಾಕಿಕೊಂಡು ಹಗ್ಗ ಹಿಡಿಯಲು ಆಗಲಿಲ್ಲ. ತೆಗೆಯಬೇಡಿ ಎಂದು ಹೇಳಿದವಳು ನಾನು. ಅಷ್ಟು ದೂರದ ಪ್ರಯೋಗಾಲಯಕ್ಕೆ ಬರೆದು ಕಳಿಸಿದ್ದನ್ನು ಡಾಬಕಾದಲ್ಲಿ ಹೇಳಿರಲಿಲ್ಲ. ಅಂಚೆಗೆ ಹಾಕಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಆ ಭಾನುವಾರ ಸಾಯಗಾಂವಕ್ಕೆ ಹೋದೆ.

ಪ್ಲಾಸ್ಟರ್ ಬಿಚ್ಚಿ ಆಗಿತ್ತು. ಚಾಚಾ ಅಂಗಳದಲ್ಲಿ ಕೋಲು ಹಿಡಿದು ನಡೆಯುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ.

"ನನಗ ಗೊತ್ತಿಲ್ಲೇನು? ಕೈ ನಂದಲ್ಲ?" ಎಂದರು.

"ಮತ್ತ ಯಾಕ ಹೇಳ್ಲಿಲ್ರಿ?"

"ನಾ ಹೇಳಿದ್ರ ಮುದುಕ ನೆಪ ತಗೀತಾನ ಅಂತಾರ. ದಸ್ತಾನಾ ಹಾಕಿಸಿದಾಕಿ ನೀ ಹೇಳಬೇಕು."

ಚಹಾ ತಂದಿಟ್ಟ ಚಾಚಾರ ಹೆಂಡತಿ ನನ್ನನ್ನು ನೋಡದೆ ಕೇಳಿದರು: "ಇಷ್ಟು ದಿನ ಎಲ್ಲಿದ್ದಿ?"

ಚಹಾ ಮುಗಿಸಿ, ನನ್ನ ಜೊತೆ ಡಾಬಕಾಗೆ ಬರುತ್ತೀರಾ ಎಂದು ಚಾಚಾರನ್ನು ಕೇಳಿದೆ.

ಮುಂದಿನ ವಾರ ಚಾಚಾ ಮತ್ತು ನಾನು ಡಾಬಕಾಗೆ ಹೋದೆವು. ಬಾವಿಯ ಹತ್ತಿರ ಕಾಕಾ ಇದ್ದರು, ಆ ದಿನ ಚಾಚಾರನ್ನು ಜೀಪಿಗೆ ಎತ್ತಿ ಹಾಕಿದ್ದ ಹೊಲದವರೂ ಇದ್ದರು. ನಾನು ಹೇಳಿದೆ. ಕಾಕಾ ತಲೆಯಾಡಿಸಿದರು. "ಇಷ್ಟು ತೆಳ್ಳಂದು ಏನ್ ಮಾಡ್ತದ್ರಿ ಮೇಡಂ? ಅವರಿಗಾಗಿ ಹೇಳ್ಲಿಕತ್ತೀರಿ ನೀವು."

ಚೀಲದಲ್ಲಿ ಹೊಸ ಜೊತೆ ಇತ್ತು. ಕಾಕಾನ ಕೈಗೇ ಹಾಕಿಸಿ, ಕೆಸರು ಹಚ್ಚಿ, ಬೇವಿನ ಕೊಂಬೆಯಿಂದ ಇಳಿಬಿಟ್ಟ ಅದೇ ಹಗ್ಗ ತೋರಿಸಿದೆ. ಅವರು ನಗುತ್ತ ಹಿಡಿದು ಕಾಲೆತ್ತಿದರು. ಸರ್ರನೆ ಜಾರಿ ನೆಲಕ್ಕೆ ಕೂತರು. "ಡಾಕ್ಟರ್ ಸಾಹೇಬ್ರು ಬಿದ್ರು!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಮತ್ತೊಮ್ಮೆ ಹಿಡಿದರು, ಮತ್ತೊಮ್ಮೆ ಕೂತರು. ಆಮೇಲೆ ಯಾರೂ ನಗಲಿಲ್ಲ. ಕಾಕಾ ಗ್ಲೌಸ್ ಕಿತ್ತು, ಬಾವಿಯ ಕಡೆ ಒಮ್ಮೆ ನೋಡಿದರು.

ಚಾಚಾ ಕೋಲನ್ನು ಮರಕ್ಕೆ ಆನಿಸಿಟ್ಟು, ಬರಿಗೈಯಲ್ಲಿ ಹಗ್ಗ ಹಿಡಿದು ಎರಡೂ ಕಾಲು ಮೇಲೆತ್ತಿದರು. ಹಾಗೇ ತೂಗಿದರು. ಮುಂಗೈಯ ನರಗಳು ಉಬ್ಬಿದವು.

"ಸಾಕ್ರಿ ಚಾಚಾ" ಎಂದರು ಕಾಕಾ. ಚಾಚಾ ಇಳಿಯಲಿಲ್ಲ.

"ತಪ್ಪು ಮಾತಾಡಿದೆ" ಎಂದರು ಕಾಕಾ ಮತ್ತೆ. "ಕಮಠಾಣದವರಿಗೆ ನಾನೇ ಹೇಳ್ತೇನಿ. ಬರೋ ಬೇಸಿಗಿಗಿ ಈ ಬಾವಿನೂ ನಿಮ್ದೇ. ಇಳೀರಿ ಇನ್ನ."

ಆಗಲೂ ಇಳಿಯಲಿಲ್ಲ. ನಾನು ಯಾವಾಗ ಹತ್ತಿರ ಹೋದೆನೋ ಗೊತ್ತಿಲ್ಲ, ಅವರ ಕೆಳಗೆ ಎರಡೂ ಕೈ ಚಾಚಿ ನಿಂತಿದ್ದೆ.

"ಕೈ ತಗಿ ಬೇಟಿ" ಎಂದರು ಚಾಚಾ, ಮೇಲಿನಿಂದ. "ನಾ ಬೀಳಾಂಗಿಲ್ಲ."